ಹಳೆ ರೇಡಿಯೋ ಕಾಯಿಲ್‌ನಲ್ಲಿ ಕ್ಯೂಬಿಟ್ ರೀಸೆಟ್: ಕುಮಟಾದಲ್ಲಿ ಕಟ್ಟಿದ ಒಂದು ಮಾದರಿ

ಮೀಡಿಯಂ ವೇವ್ ರೇಡಿಯೋದ ಫೆರೈಟ್ ಕಡ್ಡಿಯ ಮೇಲಿನ ಕಾಯಿಲ್‌ಗೆ ಒಂದು ಕೆಪಾಸಿಟರ್ ಜೋಡಿಸಿ ಒಮ್ಮೆ ಮಿಡಿದು ಬಿಟ್ಟರೆ ಅದು ಎಷ್ಟು ಹೊತ್ತು ಮೊಳಗುತ್ತದೆ? ಕಾಯಿಲ್ ಚೆನ್ನಾಗಿದ್ದರೆ ಅದರೊಳಗಿನ ಶಕ್ತಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಯಲು 50 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಕ್ವಾಂಟಂ ಕಂಪ್ಯೂಟರ್‌ನಲ್ಲಿ ಸೊನ್ನೆ-ಒಂದನ್ನು ಹಿಡಿಯುವ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಆಯಸ್ಸೂ ಹೆಚ್ಚುಕಡಿಮೆ ಇದೇ ಅಳತೆಯದು. ಹತ್ತಾರು ಮೈಕ್ರೋಸೆಕೆಂಡಿನಿಂದ ಕೆಲವು ನೂರರವರೆಗೆ. ತೀರಾ ಒಳ್ಳೆಯವು ಮಿಲಿಸೆಕೆಂಡನ್ನೂ ದಾಟಿವೆ. ಕ್ಯೂಬಿಟ್ ಮೊಳಗುವುದು 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಪರಮ ಶೂನ್ಯಕ್ಕಿಂತ 10-20 ಮಿಲಿಕೆಲ್ವಿನ್ ಅಷ್ಟೇ ಮೇಲಿನ ಚಳಿಯಲ್ಲಿ. ನನ್ನ ಕಾಯಿಲ್ ಮೊಳಗುವುದು 612 ಕಿಲೋಹರ್ಟ್ಸ್‌ನಲ್ಲಿ, ಕುಮಟಾದ ಸೆಕೆಯಲ್ಲಿ. ಆದರೂ ಆರಿಹೋಗಲು ಬೇಕಾದ ಸಮಯ ಒಂದೇ ಥರ.

ಹೀಗಿರುವಾಗ ಕ್ಯೂಬಿಟ್‌ಗಳನ್ನು ಬೇಗ ಸೊನ್ನೆಗೆ ತರುವ, ಅಂದರೆ ರೀಸೆಟ್ ಮಾಡುವ, ವಿಧಾನಗಳನ್ನು ಈ ಕಾಯಿಲ್ ಮೇಲೆ, ಅದೇ ಮೈಕ್ರೋಸೆಕೆಂಡುಗಳಲ್ಲಿ, ಅಗ್ಗದ ಆಸಿಲೋಸ್ಕೋಪ್‌ನಲ್ಲಿ ನೋಡಬಹುದಲ್ವಾ? ನೋಡಬಹುದು. ಕಟ್ಟಿದ್ದೇನೆ. ಕ್ವಾಂಟಂ ಇದರಲ್ಲಿ ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದೊಂದೇ ಫೋಟಾನ್‌ನ ಲೆಕ್ಕ ಇಲ್ಲ, ಸೂಪರ್‌ಪೊಸಿಷನ್ ಇಲ್ಲ. ಆದರೆ ಶಕ್ತಿ ಒಂದು ಸರ್ಕ್ಯೂಟ್‌ನಿಂದ ಇನ್ನೊಂದಕ್ಕೆ ಹೇಗೆ ಹರಿಯುತ್ತದೆ, ಎಲ್ಲಿ ತಡೆಯುತ್ತದೆ ಎನ್ನುವ ಗಣಿತ ಎರಡೂ ಕಡೆ ಒಂದೇ.

ರೀಸೆಟ್ ಯಾಕೆ ಇಷ್ಟು ತಲೆನೋವು

ಲೆಕ್ಕ ಶುರುವಾಗುವ ಮೊದಲು ಎಲ್ಲ ಕ್ಯೂಬಿಟ್‌ಗಳೂ ಸೊನ್ನೆಯಲ್ಲಿರಬೇಕು. ಕ್ವಾಂಟಂ ಕಂಪ್ಯೂಟರ್‌ಗೆ ಬೇಕಾದದ್ದೇನು ಎಂದು ಭೌತಶಾಸ್ತ್ರಜ್ಞ ಡೇವಿಡ್ ಡಿವಿನ್ಸೆಂಝೊ 2000ದಲ್ಲಿ ಪಟ್ಟಿ ಮಾಡಿದ ಐದು ಷರತ್ತುಗಳಲ್ಲಿ ಇದು ಎರಡನೆಯದು. ಸುಲಭದ ದಾರಿ ಅಂದರೆ ಸುಮ್ನೆ ಕಾಯುವುದು. ಶಕ್ತಿ ಆರುವ ಕಾಲವನ್ನು ಟಿ1 ಎನ್ನುತ್ತಾರೆ. ಐದು ಟಿ1 ಕಾದರೆ ಉಳಿಯುವುದು ಶೇಕಡಾ 0.7. ಟಿ1 ನೂರು ಮೈಕ್ರೋಸೆಕೆಂಡ್ ಇದ್ದರೆ ಕಾಯುವುದು ಐನೂರು. ಒಂದು ಗೇಟ್, ಅಂದರೆ ಲೆಕ್ಕದ ಒಂದು ಹೆಜ್ಜೆ, ಮುಗಿಯಲು ಹತ್ತಾರು ನ್ಯಾನೋಸೆಕೆಂಡ್ ಸಾಕು. ಇಡೀ ಲೆಕ್ಕ ಐದು ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಯಂತ್ರ ತನ್ನ ನೂರು ಪಾಲು ಸಮಯದಲ್ಲಿ ತೊಂಬತ್ತೊಂಬತ್ತನ್ನು ಕಾಯುವುದರಲ್ಲೇ ಕಳೆಯುತ್ತದೆ.

ಇನ್ನೂ ತಮಾಷೆ ಏನೆಂದರೆ, ಕ್ಯೂಬಿಟ್ ಒಳ್ಳೆಯದಾದಷ್ಟೂ ಕಾಯುವುದು ಜಾಸ್ತಿ. ದೋಷ ತಿದ್ದುವ ಕೆಲಸದಲ್ಲಂತೂ ಕಾಯುವ ಮಾತೇ ಇಲ್ಲ. ಗೂಗಲ್‌ನ ವಿಲ್ಲೋ ಚಿಪ್‌ನಲ್ಲಿ ದೋಷ ಪರೀಕ್ಷೆಯ ಒಂದು ಸುತ್ತು 1.1 ಮೈಕ್ರೋಸೆಕೆಂಡಿನದು. ಅಳೆಯುವ ಕ್ಯೂಬಿಟ್ ಅಷ್ಟರೊಳಗೆ ಕೆಲಸ ಮುಗಿಸಿ ಮತ್ತೆ ಸೊನ್ನೆಯಾಗಿ ನಿಂತಿರಬೇಕು.

ಅಘನಾಶಿನಿ ದಂಡೆಯ ಗಜನಿ ಗದ್ದೆ ನೋಡಿದವರಿಗೆ ಉಪಾಯ ತಟ್ಟನೆ ಹೊಳೆಯುತ್ತದೆ. ಗದ್ದೆಯ ನೀರು ತಾನಾಗಿ ಇಂಗಲಿ ಎಂದು ಅಲ್ಲಿ ಯಾರೂ ಕಾಯುವುದಿಲ್ಲ. ಇಳಿತ ಬಂದಾಗ ಕಟ್ಟಿನ ಬಾಗಿಲು ತೆಗೆಯುತ್ತಾರೆ, ನೀರು ಹೊಳೆಗೆ ಓಡುತ್ತದೆ, ಭರತ (ಉಬ್ಬರ) ಬರುವ ಮೊದಲು ಮುಚ್ಚುತ್ತಾರೆ. ಹೊರಗಿನ ನೀರು ಒಳಗಿಗಿಂತ ಕೆಳಗಿರಬೇಕು, ಬಾಗಿಲು ಮುಚ್ಚಿದಾಗ ಸೋರಬಾರದು. ಈ ಎರಡು ಷರತ್ತು ನೆನಪಿರಲಿ, ಎರಡೂ ನನ್ನ ಮೇಜಿನ ಮೇಲೆ ಕಾಟ ಕೊಟ್ಟವು. ಅಂದಹಾಗೆ ಮುಂದೆ ನಾನು ಬಾಗಿಲು ಎಂದಲ್ಲೆಲ್ಲ ಒಂದು ಎಲೆಕ್ಟ್ರಾನಿಕ್ ಸ್ವಿಚ್ ಎಂದೇ ತಿಳಿಯಿರಿ. ಬಾಗಿಲು ತೆರೆದರೆ ಶಕ್ತಿ ಹರಿಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ.

ಸಾಮಾನು

ಎರಡು ಫೆರೈಟ್ ಕಡ್ಡಿ, ಊರಿನ ರೇಡಿಯೋ ರಿಪೇರಿಯವರ ಡಬ್ಬಿಯಿಂದ ಸಿಕ್ಕವು. ಅದರ ಮೇಲೆ ಲಿಟ್ಜ್ ತಂತಿ, ಅಂದರೆ ಕೂದಲಿನಂಥ ಹಲವು ಎಳೆ ಹೊಸೆದು ಮೇಲೆ ನೂಲು ಸುತ್ತಿದ್ದು. ಕಾಯಿಲ್ ಒಂದೊಂದೂ ಸುಮಾರು 340 ಮೈಕ್ರೋಹೆನ್ರಿ. ಜೊತೆಗೆ ಹಳೆ ಟ್ರಾನ್ಸಿಸ್ಟರ್ ಸೆಟ್ಟಿನ ಗ್ಯಾಂಗ್ ಕಂಡೆನ್ಸರ್ ಎರಡು. ತಂತಿಗಳ ನಡುವೆ ತಾನಾಗಿ ಹುಟ್ಟುವ ಪಿಕೋಫ್ಯಾರಡ್‌ಗಳನ್ನೂ ಸೇರಿಸಿ ಒಂದೊಂದು ಟ್ಯಾಂಕ್‌ನಲ್ಲೂ (ಕಾಯಿಲ್-ಕೆಪಾಸಿಟರ್ ಜೋಡಿಗೆ ಹೀಗೆನ್ನುತ್ತಾರೆ) 200 ಪಿಕೋಫ್ಯಾರಡ್ ಬರುವಂತೆ ತಿರುಗಿಸಿದೆ. ಮೊದಲ ಟ್ಯಾಂಕ್ ನಮ್ಮ ಕ್ಯೂಬಿಟ್. ಎರಡನೆಯದು ಬಚ್ಚಲು. ನಿಜವಾದ ಚಿಪ್‌ನಲ್ಲಿ ಎರಡನೆಯದರ ಜಾಗದಲ್ಲಿ ಕ್ಯೂಬಿಟ್ ಸೊನ್ನೆಯೋ ಒಂದೋ ಎಂದು ಓದುವ ರೀಡೌಟ್ ರೆಸೊನೇಟರ್ ಇರುತ್ತದೆ.

ಎರಡರ ನಡುವೆ 22 ಪಿಕೋಫ್ಯಾರಡ್ ಕೆಪಾಸಿಟರ್, ಅದರ ಜೊತೆ ಸಾಲಿನಲ್ಲಿ 74ಎಚ್‌ಸಿ4066 ಚಿಪ್‌ನ ಒಂದು ಸ್ವಿಚ್. ಅದೇ ಬಾಗಿಲು. ತೆರೆದಾಗ ಅದರ ರೆಸಿಸ್ಟೆನ್ಸ್ ನೂರರ ಆಸುಪಾಸು ಓಮ್. 22 ಪಿಕೋಫ್ಯಾರಡ್‌ನ ತಡೆ ಈ ಫ್ರೀಕ್ವೆನ್ಸಿಯಲ್ಲಿ ಹನ್ನೆರಡು ಸಾವಿರ ಓಮ್ ಆಸುಪಾಸು, ಹಾಗಾಗಿ ಆ ನೂರು ಲೆಕ್ಕಕ್ಕಿಲ್ಲ. ಸ್ವಿಚ್ ಸೊನ್ನೆಯಿಂದ 3.3 ವೋಲ್ಟ್‌ವರೆಗಿನ ಸಿಗ್ನಲ್ ಮಾತ್ರ ಒಪ್ಪುತ್ತದೆ. ಅದಕ್ಕೇ ಕಾಯಿಲ್‌ಗಳ ಬುಡವನ್ನು ನೆಲಕ್ಕೆ ಕಟ್ಟದೆ 1.65 ವೋಲ್ಟ್‌ಗೆ ಕಟ್ಟಿದೆ. ಸಿಗ್ನಲ್ ಅದರ ಮೇಲೆ ಕೆಳಗೆ ಒಂದೊಂದು ವೋಲ್ಟ್ ಆಡುತ್ತದೆ.

ಮಿಡಿಯುವುದು, ಬಾಗಿಲು ತೆಗೆಯುವುದು ಎರಡೂ ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್‌ನ ಕೆಲಸ. 612 ಕಿಲೋಹರ್ಟ್ಸ್ ಚೌಕ ಅಲೆಯನ್ನು 400 ಮೈಕ್ರೋಸೆಕೆಂಡ್ ಕೊಟ್ಟು ನಿಲ್ಲಿಸುತ್ತದೆ. ಆಮೇಲೆ ಬಾಗಿಲು ತೆಗೆದು, ನಾನು ಹೇಳಿದಷ್ಟು ಮೈಕ್ರೋಸೆಕೆಂಡ್ ಇಟ್ಟು, ಮುಚ್ಚುತ್ತದೆ. ಪಿಕೋದಿಂದ ಟ್ಯಾಂಕ್‌ಗೆ ರೆಸಿಸ್ಟರ್ ಹಾಕಬೇಡಿ, ಅದೇ ಶಕ್ತಿ ತಿನ್ನುತ್ತದೆ. ಎರಡು ಇನ್ಸುಲೇಟೆಡ್ ತಂತಿಯ ತುದಿಗಳನ್ನು ಒಂದಕ್ಕೊಂದು ಒಂದೆರಡು ಸುತ್ತು ಹೊಸೆದರೆ ಅರ್ಧ ಪಿಕೋಫ್ಯಾರಡ್ ಆಗುತ್ತದೆ. ಅಷ್ಟು ಸಾಕು.

ಸ್ಕೋಪ್ ಪ್ರೋಬನ್ನು ಟ್ಯಾಂಕ್‌ಗೆ ನೇರವಾಗಿ ತಾಗಿಸಿದರೆ ಟ್ಯೂನಿಂಗೇ ಕೆಡುತ್ತದೆ. ನಡುವೆ ಕಾಲೇಜು ಲ್ಯಾಬ್‌ಗಳ ಹಳೆ ನೆಂಟ ಬಿಎಫ್‌ಡಬ್ಲ್ಯೂ11 ಜೆಫೆಟ್ ಟ್ರಾನ್ಸಿಸ್ಟರ್, ಅದಕ್ಕೆ ಬೇರೆ 9 ವೋಲ್ಟ್ ಬ್ಯಾಟರಿ. ಉಳಿದದ್ದಕ್ಕೆ ಮೂರು ಪೆನ್ಸಿಲ್ ಸೆಲ್. ಮೊಬೈಲ್ ಚಾರ್ಜರ್ ಬೇಡ. ಮೀಡಿಯಂ ವೇವ್‌ನಲ್ಲಿ ಅದು ಮಾಡುವ ಗಲಾಟೆ ರೇಡಿಯೋ ಕೇಳುವವರಿಗೆ ಗೊತ್ತೇ ಇದೆ. ಬ್ಯಾಟರಿ ಇದ್ದರೆ ನಮ್ಮ ಕಡೆಯ ಮಳೆಗಾಲದ ಕರೆಂಟಿನ ಚಿಂತೆಯೂ ಇಲ್ಲ.

ಮಳೆಗಾಲ ಮತ್ತು ಟಿ1

ಮೊದಲು ಬಾಗಿಲು ಮುಚ್ಚಿಯೇ ಇಟ್ಟು ಮೊದಲ ಟ್ಯಾಂಕ್ ತಾನಾಗಿ ಎಷ್ಟು ಹೊತ್ತಿಗೆ ಆರುತ್ತದೆ ಅಳೆಯಬೇಕು. ಇಲ್ಲೊಂದು ಮಾತು. ಸ್ಕೋಪ್‌ನಲ್ಲಿ ಕಾಣುವುದು ವೋಲ್ಟೇಜ್. ಶಕ್ತಿ ಅದರ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೋಲ್ಟೇಜ್ ಮೂರನೇ ಒಂದಕ್ಕೆ ಇಳಿಯಲು ನೂರು ಮೈಕ್ರೋಸೆಕೆಂಡ್ ಹಿಡಿದರೆ ಶಕ್ತಿಯ ಟಿ1 ಅದರ ಅರ್ಧ, ಐವತ್ತು.

ನನ್ನ ಕಾಯಿಲ್ ಐವತ್ತರ ಹತ್ತಿರವೂ ಬರಲಿಲ್ಲ. ಬಂದದ್ದು 23. ಕ್ಯೂ, ಅಂದರೆ ಟ್ಯಾಂಕ್ ಎಷ್ಟು ಚೆನ್ನಾಗಿ ಮೊಳಗುತ್ತದೆ ಎನ್ನುವ ಗುಣಾಂಕ, ಲೆಕ್ಕ ಹಾಕಿದರೆ 90ಕ್ಕೆ ಸ್ವಲ್ಪ ಕಡಿಮೆ. ಕಡ್ಡಿ ಬದಲಿಸಿದೆ, ಗ್ಯಾಂಗ್ ಬದಲಿಸಿದೆ, ವ್ಯತ್ಯಾಸವಿಲ್ಲ. ತಪ್ಪು ತಂತಿಯ ಮೇಲಿನ ನೂಲಿನದು. ಆಷಾಢದ ಗಾಳಿಯಲ್ಲಿ ಇಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ನೂಲು ಬಿಟ್ಟೀತೇ? ನೀರು ಕುಡಿದ ನೂಲು ಸುತ್ತುಗಳ ನಡುವಿನ ವಿದ್ಯುತ್ ಕ್ಷೇತ್ರದಿಂದ ಶಕ್ತಿ ಕದಿಯುತ್ತದೆ. ಸಮುದ್ರದ ಉಪ್ಪೂ ಸೇರಿದರೆ ಕೇಳುವುದೇ ಬೇಡ.

ಬಿಸಿಲು ಇಲ್ಲದ ಕಾಲದಲ್ಲಿ ಒಣಗಿಸುವುದಕ್ಕೆ ದೇವಿಮನೆ ಘಟ್ಟದ ಮೇಲೆ ವ್ಯವಸ್ಥೆ ಇದೆ. ಶಿರಸಿ ಕಡೆಯ ನೆಂಟರ ಮನೆಯ ಅಡಿಕೆ ಡ್ರೈಯರ್‌ನಲ್ಲಿ ಕಾಯಿಲ್‌ಗಳನ್ನು ಒಂದು ರಾತ್ರಿ ಇಟ್ಟು, ಬಿಸಿ ಇರುವಾಗಲೇ ಕರಗಿಸಿದ ಜೇನುಮೇಣದಲ್ಲಿ ಅದ್ದಿದೆ. ಹಳೆ ರೇಡಿಯೋ ಕಾಯಿಲ್‌ಗಳ ಮೇಲೆ ಮೇಣ ಯಾಕಿರುತ್ತಿತ್ತು ಎಂಬುದಕ್ಕೆ ಉತ್ತರ ಅಳತೆಯಲ್ಲೇ ಸಿಕ್ಕಿತು. ಟಿ1 52 ಮೈಕ್ರೋಸೆಕೆಂಡ್, ಕ್ಯೂ 200.

ಇದು ಸುಮ್ನೆ ಊರಿನ ಕಥೆಯಲ್ಲ. ಕ್ಯೂಬಿಟ್‌ಗಳ ಆಯಸ್ಸು ಕಳೆಯುವುದೂ ಬಹುಮಟ್ಟಿಗೆ ಹೀಗೇ. ಲೋಹದ ಮೇಲಿನ ಆಕ್ಸೈಡ್ ಪದರ, ಅಂಚುಗಳಲ್ಲಿ ಕೂತ ಕೊಳೆ, ಅವುಗಳೊಳಗಿನ ಸಣ್ಣ ದೋಷಗಳು ವಿದ್ಯುತ್ ಕ್ಷೇತ್ರದಿಂದ ಶಕ್ತಿ ಹೀರುತ್ತವೆ. 2021ರಲ್ಲಿ ಪ್ರಿನ್ಸ್‌ಟನ್‌ನವರು ನಯೋಬಿಯಂ ಬದಲು ಟ್ಯಾಂಟಲಂ ಬಳಸಿ ಟಿ1ನ್ನು 0.3 ಮಿಲಿಸೆಕೆಂಡ್ ದಾಟಿಸಿದರು. ಅಲ್ಲೂ ಗುಟ್ಟು ಇದ್ದದ್ದು ಮೇಲ್ಮೈಯಲ್ಲೇ. ಅವರಿಗೆ ಕ್ಯೂ ಲಕ್ಷಗಳಲ್ಲಿ, ಮಿಲಿಯನ್‌ಗಳಲ್ಲಿ ಬೇಕು. ನನಗೆ 200 ಸಾಕು.

ಎರಡೂ ಕಡ್ಡಿಗಳನ್ನು ಸಮಾನಾಂತರವಾಗಿ ಇಟ್ಟರೆ ಟಿ1 ಮತ್ತೆ 35ಕ್ಕೆ ಬೀಳುತ್ತದೆ. ಬಾಗಿಲು ಮುಚ್ಚಿದ್ದರೂ ಆಯಸ್ಕಾಂತೀಯ ಕ್ಷೇತ್ರದ ಮೂಲಕ ಶಕ್ತಿ ಎರಡನೇ ಟ್ಯಾಂಕ್‌ಗೆ ಸೋರುತ್ತಿರುತ್ತದೆ. ಒಂದನ್ನು ಇನ್ನೊಂದಕ್ಕೆ ಅಡ್ಡಲಾಗಿ, ಲಂಬ ಕೋನದಲ್ಲಿ ಇಟ್ಟ ತಕ್ಷಣ ಸರಿಹೋಯಿತು. ಚಿಪ್‌ಗಳಲ್ಲೂ ಈ ಸೋರಿಕೆ ಇದೆ. ರೀಡೌಟ್ ರೆಸೊನೇಟರ್ ಮೂಲಕ ಕ್ಯೂಬಿಟ್‌ನ ಶಕ್ತಿ ಹೊರಹೋಗುವುದನ್ನು ಪರ್ಸೆಲ್ ಪರಿಣಾಮ ಎನ್ನುತ್ತಾರೆ. ಅದಕ್ಕೆಂದೇ ಫಿಲ್ಟರ್ ಹಾಕುತ್ತಾರೆ. 2010ರಲ್ಲಿ ಯೇಲ್‌ನ ತಂಡ ಇಂಥ ಫಿಲ್ಟರ್ ಹಾಕಿ ಸೋರಿಕೆ ನಿಲ್ಲಿಸಿತು. ಆಮೇಲೆ ಬೇಕೆಂದಾಗ ಮಾತ್ರ ಕ್ಯೂಬಿಟ್‌ನ ಫ್ರೀಕ್ವೆನ್ಸಿಯನ್ನು ಚಟಕ್ಕನೆ ಬದಲಿಸಿ ಶಕ್ತಿಯನ್ನು ಹೊರಗೆ ಬಿಟ್ಟಿತು. 120 ನ್ಯಾನೋಸೆಕೆಂಡಿನಲ್ಲಿ 99.9 ಶೇಕಡಾ ರೀಸೆಟ್. ಸೋರಿಕೆ ತಡೆಯುವವರೇ ಸೋರಿಕೆಯ ದಾರಿಯನ್ನೂ ಕಟ್ಟಿಕೊಡಬೇಕು ಎನ್ನುವುದು ಈ ಇಡೀ ವಿಷಯದ ಮಜಾ.

ಬಾಗಿಲು ತೆರೆದಾಗ

ಟ್ಯೂನಿಂಗ್ ಬಗ್ಗೆ ಒಂದು ಎಚ್ಚರಿಕೆ. ಬಾಗಿಲು ತೆರೆದರೆ 22 ಪಿಕೋಫ್ಯಾರಡ್ ಕೂಡ ಟ್ಯಾಂಕ್‌ಗೆ ಸೇರುತ್ತದೆ. ಫ್ರೀಕ್ವೆನ್ಸಿ 612ರಿಂದ 580ರ ಹತ್ತಿರಕ್ಕೆ ಇಳಿಯುತ್ತದೆ. ಎರಡೂ ಟ್ಯಾಂಕ್ ಒಂದೇ ಸ್ವರದಲ್ಲಿರಬೇಕಾದದ್ದು ತೆರೆದಾಗ. ಆದ್ದರಿಂದ ಬಾಗಿಲು ತೆರೆದಿಟ್ಟುಕೊಂಡೇ ಎರಡನೇ ಗ್ಯಾಂಗ್ ತಿರುಗಿಸಿ ಹೊಂದಿಸಬೇಕು.

ಎರಡನೇ ಟ್ಯಾಂಕ್‌ಗೆ ಅಡ್ಡಲಾಗಿ ಒಂದು 100ಕೆ ಪಾಟ್, ಅಂದರೆ ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್, ಹಾಕಿದ್ದೆ. ಶಕ್ತಿ ಬಿಸಿಯಾಗಿ ಹೋಗುವುದು ಅಲ್ಲಿ. ಪಾಟ್ ಪೂರ್ತಿ ಮೇಲಿದ್ದಾಗ, ಅಂದರೆ ನಷ್ಟ ಕಡಿಮೆ ಇದ್ದಾಗ, ಕಂಡದ್ದು ಚಂದದ ಆಟ. ಮೊದಲ ಟ್ಯಾಂಕ್‌ನ ಅಲೆ ಒಂಬತ್ತು ಮೈಕ್ರೋಸೆಕೆಂಡಿನಲ್ಲಿ ಪೂರ್ತಿ ಸಾಯುತ್ತದೆ. ಅಷ್ಟರಲ್ಲಿ ಎರಡನೆಯದು ತುಂಬಿರುತ್ತದೆ. ಇನ್ನೊಂಬತ್ತಕ್ಕೆ ಎಲ್ಲ ವಾಪಸ್. ಹೀಗೆ ಅತ್ತಿಂದಿತ್ತ ಹಲವು ಸಲ. ಭೌತಶಾಸ್ತ್ರದ ಪುಸ್ತಕದ ಚಿತ್ರ ಹಾಗೇ ಪರದೆ ಮೇಲೆ ಬಂದಂತಿತ್ತು. ಸರಿಯಾಗಿ ಒಂಬತ್ತಕ್ಕೆ ಬಾಗಿಲು ಮುಚ್ಚಿದರೆ ಅದೂ ಒಂದು ರೀಸೆಟ್ಟೇ. ಆದರೆ ಸಮಯ ಅರ್ಧ ಮೈಕ್ರೋಸೆಕೆಂಡ್ ಆಚೀಚೆ ಆದರೆ ಒಂದು ಪಾಲು ಉಳಿದುಬಿಡುತ್ತದೆ. ಟ್ಯೂನಿಂಗ್ ಸ್ವಲ್ಪ ಜಾರಿದರೆ ಪೂರ್ತಿ ದಾಟುವುದೂ ಇಲ್ಲ.

ಪಾಟ್ ಇಳಿಸುತ್ತ ಬಂದೆ. ವಾಪಸ್ ಬರುವ ಅಲೆ ಸಣ್ಣದಾಗುತ್ತ ಹೋಯಿತು. ಆರು ಸಾವಿರ ಓಮ್‌ಗೆ ಬಂದಾಗ ವಾಪಸ್ ಬರುವುದೇ ನಿಂತಿತು. ಅಲ್ಲಿಂದ ಇನ್ನೂ ಇಳಿಸಿದರೆ ಇನ್ನೂ ಬೇಗ ಆರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಉಲ್ಟಾ ಆಗುತ್ತದೆ. ಎರಡು ಸಾವಿರದ ಕೆಳಗೆ ಮತ್ತೆ ನಿಧಾನ. 470 ಓಮ್ ಇಟ್ಟಾಗ ಬಾಗಿಲು ತೆರೆದಿದ್ದರೂ ಟಿ1 ಮೂವತ್ತು ಮೈಕ್ರೋಸೆಕೆಂಡ್. ಪೂರ್ತಿ ಸೊನ್ನೆಗೆ ತಿರುಗಿಸಿದರೆ ಹೆಚ್ಚುಕಡಿಮೆ ಐವತ್ತು, ಅಂದರೆ ಬಾಗಿಲೇ ಇಲ್ಲದಂತೆ.

ಈ ಮಾದರಿ ಕಟ್ಟಿದ್ದಕ್ಕೆ ಸಾರ್ಥಕ ಅನಿಸಿದ್ದು ಇಲ್ಲಿ. ಕಾರಣ ಯೋಚಿಸಿ ನೋಡಿ. ಪಾಟ್ ತೀರಾ ಕಡಿಮೆ ಇದ್ದಾಗ ದಾಟಿ ಬರುವ ಕರೆಂಟ್ ಎಷ್ಟು ಎಂದು ನಿರ್ಧರಿಸುವುದು ಪಾಟ್ ಅಲ್ಲ, ನಡುವಿನ 22 ಪಿಕೋಫ್ಯಾರಡ್. ಕರೆಂಟ್ ಅಷ್ಟೇ ಇರುವಾಗ ಬಿಸಿಯಾಗಿ ಹೋಗುವ ಶಕ್ತಿ ರೆಸಿಸ್ಟೆನ್ಸ್‌ಗೆ ತಕ್ಕಂತೆ. ಓಮ್ ಇಳಿಸಿದಷ್ಟೂ ನಷ್ಟ ಕಡಿಮೆ. ಇನ್ನೊಂದು ತುದಿಯಲ್ಲಿ ಓಮ್ ಜಾಸ್ತಿ ಇದ್ದರೆ ಎರಡನೇ ಟ್ಯಾಂಕ್ ತುಂಬಿಕೊಳ್ಳುತ್ತದೆ, ಖಾಲಿಯಾಗುವ ಮೊದಲೇ ವಾಪಸ್ ಕೊಟ್ಟುಬಿಡುತ್ತದೆ. ನಡುವೆ ಎಲ್ಲೋ ಒಂದು ಹದ ಇರಲೇಬೇಕು. ಎರಡು ಟ್ಯಾಂಕ್ ಶಕ್ತಿ ಬದಲಾಯಿಸಿಕೊಳ್ಳುವ ವೇಗವನ್ನು ಜಿ ಎನ್ನಿ, ಬಚ್ಚಲು ಖಾಲಿಯಾಗುವ ವೇಗವನ್ನು ಕಪ್ಪಾ ಎನ್ನಿ. ಕಪ್ಪಾ ನಾಲ್ಕು ಜಿ ಆದಾಗ ಅಲೆ ವಾಪಸ್ ಬರುವುದು ನಿಲ್ಲುತ್ತದೆ. ಕ್ಯೂಬಿಟ್ ಪೇಪರ್‌ಗಳಲ್ಲಿ ಬರುವ ಸಮೀಕರಣವೇ ಇದು.

ನನ್ನ ಬೋರ್ಡ್‌ನಲ್ಲಿ ಆ ಹದ 6.2 ಸಾವಿರ ಓಮ್. ಆದರೆ ಅದೇ ಅತಿ ವೇಗದ್ದಲ್ಲ. ಸ್ವಲ್ಪ ಮೇಲೆ, 8.2ಕೆ ರೆಸಿಸ್ಟರ್ ಹಾಕಿದರೆ ಕಪ್ಪಾ ಮೂರು ಜಿ ಆಗುತ್ತದೆ. ಅಲೆ ಇಪ್ಪತ್ತು ಮೈಕ್ರೋಸೆಕೆಂಡಿನಲ್ಲಿ ಸೊನ್ನೆ ದಾಟಿ, ಒಮ್ಮೆ ಸಣ್ಣಗೆ ತಲೆ ಎತ್ತಿ ಮಲಗುತ್ತದೆ. ಆ ತಲೆ ಎತ್ತಿದ್ದರ ಶಕ್ತಿ ಲೆಕ್ಕದ ಪ್ರಕಾರ ಶೇಕಡಾ 0.1ಕ್ಕಿಂತ ಕಡಿಮೆ. ನನ್ನ ಎಂಟು ಬಿಟ್ ಸ್ಕೋಪ್‌ನಲ್ಲಿ ಅದು ಕಂಡೂ ಕಾಣದ ಹಾಗೆ, ಸರಾಸರಿ ಹಾಕಿದರೆ ಮಾತ್ರ ಸ್ಪಷ್ಟ. ಸುಮ್ನೆ ಕಾದಿದ್ದರೆ ಶೇಕಡಾ 0.7ಕ್ಕೆ ಬರಲು 260 ಮೈಕ್ರೋಸೆಕೆಂಡ್ ಬೇಕಿತ್ತು. ಪಾಟ್ ಕಿತ್ತು 8.2ಕೆ ಬೆಸುಗೆ ಹಾಕಿದೆ.

ಬಾಗಿಲೇ ಮಿಡಿದರೆ

ಬಾಗಿಲು ಮುಚ್ಚುವ ಕ್ಷಣದಲ್ಲಿ ಮೊದಲ ಟ್ಯಾಂಕ್ ಮತ್ತೆ ಸಣ್ಣಗೆ ಮೊಳಗುತ್ತಿತ್ತು. ಮಿಡಿಯದೇ ಇದ್ದರೂ ಮೊಳಗುತ್ತಿತ್ತು. ಸ್ವಿಚ್‌ನ ಕಂಟ್ರೋಲ್ ಕಾಲಿನ 3.3 ವೋಲ್ಟ್ ಏರಿಳಿತ ಚಿಪ್‌ನ ಒಳಗಿನ ಪುಟ್ಟ ಕೆಪಾಸಿಟೆನ್ಸ್ ಮೂಲಕ ಟ್ಯಾಂಕ್‌ಗೆ ಚಾರ್ಜ್ ಚುಚ್ಚುತ್ತದೆ. ಅಳೆದರೆ 15 ಮಿಲಿವೋಲ್ಟ್ ಆಸುಪಾಸು. ಒಂದು ವೋಲ್ಟ್ ಸಿಗ್ನಲ್ ಎದುರು ಇದೇನು ಮಹಾ ಎನ್ನಬಹುದು. ಆದರೆ ಕ್ಯೂಬಿಟ್ ಕೆಲಸ ಮಾಡುವವರಿಗೆ ಸಿಗ್ನಲ್ ದೊಡ್ಡದು ಮಾಡಿಕೊಳ್ಳುವ ಅವಕಾಶವೇ ಇಲ್ಲ. ಅವರಿಗಿರುವುದು ಒಂದೇ ಫೋಟಾನ್. ಹಾಗಾಗಿ ಸರಿ ಮಾಡದೆ ಬಿಡಲು ಮನಸ್ಸಾಗಲಿಲ್ಲ.

ಮದ್ದು ಮತ್ತದೇ ಹೊಸೆದ ತಂತಿ. ಪಿಕೋದ ಇನ್ನೊಂದು ಕಾಲಿನಿಂದ ಬಾಗಿಲಿನ ಸಿಗ್ನಲ್ ಅನ್ನು ಉಲ್ಟಾ ಮಾಡಿ ಹೊರತೆಗೆದೆ. ಬಾಗಿಲು ಮೇಲೇರಿದಾಗ ಇದು ಕೆಳಗಿಳಿಯುತ್ತದೆ. ಅದನ್ನು ಹೊಸೆದ ತಂತಿಯ ಮೂಲಕ ಟ್ಯಾಂಕ್‌ಗೆ ಕೊಟ್ಟು, ಸುತ್ತು ಬಿಚ್ಚುತ್ತ ಬಿಗಿಯುತ್ತ ಬಂದರೆ ಒಂದು ಹಂತದಲ್ಲಿ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. 15 ಇದ್ದದ್ದು ಒಂದೆರಡು ಮಿಲಿವೋಲ್ಟ್‌ಗೆ ಬಂತು. ಕೈ ಹತ್ತಿರ ತಂದರೆ ಹದ ತಪ್ಪುತ್ತದೆ, ಒಣ ಮರದ ಕಡ್ಡಿಯಿಂದ ತಂತಿ ಸರಿಸಬೇಕು. ಹದ ಸಿಕ್ಕಿದ ಮೇಲೆ ಅದರ ಮೇಲೂ ಒಂದು ಹನಿ ಮೇಣ.

ರಾತ್ರಿ ಬರುವ ಬೆಂಗಳೂರು

ಜೆಫೆಟ್ ಆಚೆ ಹತ್ತು ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್ ಸೇರಿಸಿ ತಳ ಎಷ್ಟು ಶಾಂತವಾಗಿದೆ ನೋಡುತ್ತಿದ್ದಾಗ ಇನ್ನೊಂದು ಸಂಗತಿ ಹೊರಬಿತ್ತು. ಹಗಲಿನಲ್ಲಿ ಟ್ಯಾಂಕ್ ಸುಮ್ಮನಿರುತ್ತಿತ್ತು. ಕತ್ತಲಾದ ಮೇಲೆ ಮಿಡಿಯದಿದ್ದರೂ ಸುಮಾರು ಒಂದು ಮಿಲಿವೋಲ್ಟ್ ಅಲೆ, ಅದೂ ಹಿಗ್ಗುತ್ತ ಕುಗ್ಗುತ್ತ. ಡಯೋಡ್ ಮತ್ತು ಇಯರ್‌ಫೋನ್ ಹಚ್ಚಿದರೆ ಕನ್ನಡ ವಾರ್ತೆ! 612 ಕಿಲೋಹರ್ಟ್ಸ್ ಬೆಂಗಳೂರು ಆಕಾಶವಾಣಿಯ ಫ್ರೀಕ್ವೆನ್ಸಿ. ಫೆರೈಟ್ ಕಡ್ಡಿ ಹುಟ್ಟಿದ್ದೇ ಆಂಟೆನಾ ಆಗಿ. ಅದು ತನ್ನ ಕೆಲಸ ಮಾಡುತ್ತಿತ್ತು ಅಷ್ಟೇ.

ಫ್ರೀಕ್ವೆನ್ಸಿ ಬದಲಿಸಿ ತಪ್ಪಿಸಿಕೊಳ್ಳಬಹುದಿತ್ತು. ಬೇಕೆಂದೇ ಬಿಟ್ಟೆ, ಯಾಕೆಂದರೆ ಇದಕ್ಕಿಂತ ಒಳ್ಳೆ ಪಾಠ ಬೇರೆ ಸಿಗದು. ಬಾಗಿಲು ತೆರೆದರೆ ವಾರ್ತೆ ಅಡಗುತ್ತದೆ. ಎರಡನೇ ಟ್ಯಾಂಕ್ ಶಕ್ತಿಯನ್ನು ಬಂದ ಹಾಗೇ ಎಳೆದುಕೊಳ್ಳುತ್ತದೆ. ಬಾಗಿಲು ಮುಚ್ಚಿದ ಕ್ಷಣ ತಳ ಶಾಂತ. ಆಮೇಲೆ ನೂರು ಮೈಕ್ರೋಸೆಕೆಂಡಿನ ಅಂದಾಜಿನಲ್ಲಿ ಅಲೆ ಮೆಲ್ಲಗೆ ಬೆಳೆದು ಹಳೆಯ ಒಂದು ಮಿಲಿವೋಲ್ಟ್‌ಗೆ ಹೋಗಿ ನಿಲ್ಲುತ್ತದೆ. ಆರಲು ಬೇಕಾದಷ್ಟೇ ಸಮಯ ಮತ್ತೆ ತುಂಬಲೂ ಬೇಕು.

ಕ್ಯೂಬಿಟ್‌ಗಳಲ್ಲೂ ಹೀಗೇ. 5 ಗಿಗಾಹರ್ಟ್ಸ್ ಫೋಟಾನ್‌ನ ಶಕ್ತಿಯನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳಿದರೆ 240 ಮಿಲಿಕೆಲ್ವಿನ್. ಫ್ರಿಜ್ 20 ಮಿಲಿಕೆಲ್ವಿನ್‌ನಲ್ಲಿದ್ದರೆ ಕ್ಯೂಬಿಟ್ ತಾನಾಗಿ ಒಂದಕ್ಕೆ ಏರಿರುವ ಸಾಧ್ಯತೆ ಲಕ್ಷಕ್ಕೆ ಒಂದೂ ಇರಬಾರದು. ಅಳೆದಾಗ ಎಷ್ಟೋ ಸಲ ನೂರಕ್ಕೆ ಒಂದರ ಹತ್ತಿರ ಬರುತ್ತದೆ, ಕ್ಯೂಬಿಟ್ 50 ಮಿಲಿಕೆಲ್ವಿನ್‌ನಲ್ಲಿ ಇದ್ದಂತೆ. ಮೇಲಿನ ಬೆಚ್ಚಗಿನ ಹಂತಗಳಿಂದ ತಂತಿಗುಂಟ ಇಳಿಯುವ ಗದ್ದಲ, ದಾರಿತಪ್ಪಿ ಬಂದ ಇನ್‌ಫ್ರಾರೆಡ್, ಹೀಗೆ ಅವರವರ ಬೆಂಗಳೂರು ಅವರವರಿಗೆ. ಅದಕ್ಕಾಗಿ ತಂತಿಗಳಲ್ಲಿ ಹಂತಹಂತಕ್ಕೆ ಗದ್ದಲ ತಗ್ಗಿಸುವ ಅಟೆನ್ಯುಯೇಟರ್ ಹಾಕುತ್ತಾರೆ. ಇಂಥ ಕಡೆ ಕಾಯುವುದರಿಂದ ಉಪಯೋಗವೇ ಇಲ್ಲ. ಎಷ್ಟು ಕಾದರೂ ಆ ನೂರಕ್ಕೆ ಒಂದು ಅಲ್ಲೇ ಇರುತ್ತದೆ. ಅದರ ಕೆಳಗೆ ಹೋಗಬೇಕಾದರೆ ಬಾಗಿಲು ಬೇಕು, ಬಾಗಿಲಿನ ಆಚೆ ಇನ್ನೂ ತಣ್ಣಗಿರಬೇಕು, ಮುಚ್ಚಿದ ಕೂಡಲೇ ಲೆಕ್ಕ ಶುರು ಮಾಡಬೇಕು.

2025ರ ಆರಂಭದಲ್ಲಿ ಸ್ವೀಡನ್‌ನ ಚಾಮರ್ಸ್ ವಿಶ್ವವಿದ್ಯಾಲಯದ ತಂಡ ಅಮೆರಿಕದ ಸಂಗಡಿಗರ ಜೊತೆ ಪ್ರಕಟಿಸಿದ ಕೆಲಸ ನನಗೆ ಇಷ್ಟವಾದದ್ದು ಇದೇ ಕಾರಣಕ್ಕೆ. ಅಲ್ಲಿ ಬಿಸಿ ಕಡೆಯಿಂದ ಬರುವ ಶಾಖವೇ ಪುಟ್ಟ ಫ್ರಿಜ್ ಒಂದನ್ನು ಓಡಿಸುತ್ತದೆ. ಅದು ಕ್ಯೂಬಿಟ್‌ನ ಶಕ್ತಿ ಎಳೆದು ತಣ್ಣನೆಯ ಕಡೆಗೆ ಸಾಗಿಸುತ್ತದೆ. ಕ್ಯೂಬಿಟ್ 22 ಮಿಲಿಕೆಲ್ವಿನ್ ಆಸುಪಾಸಿಗೆ ಇಳಿಯಿತು, ಒಂದರಲ್ಲಿರುವ ಸಾಧ್ಯತೆ ಹತ್ತು ಸಾವಿರಕ್ಕೆ ಐದು.

ನನ್ನ ಬೋರ್ಡ್ ತೋರಿಸದ ದಾರಿಗಳು

ಅಳೆದು ನೋಡಿ, ಒಂದು ಬಂದರೆ ತಿರುಗಿಸಿ ಸೊನ್ನೆ ಮಾಡುವುದು ಒಂದು ದಾರಿ. 2012ರಲ್ಲಿ ಡೆಲ್ಫ್ಟ್‌ನವರು ಮಾಡಿ ತೋರಿಸಿದ್ದು. ಇದು ನನ್ನ ಕಾಯಿಲ್‌ನಲ್ಲಿ ಆಗದು. ಬಾಗಿಲು ಬೇಡ ಎನ್ನುವುದು ಇದರ ಅನುಕೂಲ. ಆದರೆ ಅಳತೆ ತಪ್ಪಾದರೆ ರೀಸೆಟ್ ಕೂಡ ತಪ್ಪು, ಮತ್ತು ಉತ್ತರ ಹೊರಗಿನ ಎಲೆಕ್ಟ್ರಾನಿಕ್ಸ್‌ಗೆ ಹೋಗಿ ಬರುವಷ್ಟು ಹೊತ್ತು ಕಾಯಬೇಕು.

ಫ್ರೀಕ್ವೆನ್ಸಿ ಬದಲಿಸಲಾಗದ ಟ್ರಾನ್ಸ್‌ಮಾನ್ ಎಂಬ ಬಗೆಯ ಕ್ಯೂಬಿಟ್‌ಗಳಲ್ಲಿ ಬಾಗಿಲನ್ನು ಮೈಕ್ರೋವೇವ್‌ನಿಂದಲೇ ತೆರೆಯುತ್ತಾರೆ. ಕ್ಯೂಬಿಟ್‌ನಲ್ಲಿ ಸೊನ್ನೆ, ಒಂದರ ಮೇಲೆ ಎರಡನೇ ಮೆಟ್ಟಿಲೂ ಇದೆ. ಸರಿಯಾದ ಮೈಕ್ರೋವೇವ್ ಕೊಟ್ಟರೆ ಎರಡನೇ ಮೆಟ್ಟಿಲಿನ ಶಕ್ತಿ ರೆಸೊನೇಟರ್‌ನ ಒಂದು ಫೋಟಾನ್ ಆಗಿ ಹೊರಬೀಳುತ್ತದೆ. 2018ರಲ್ಲಿ ಜ್ಯೂರಿಕ್‌ನ ಇಟಿಎಚ್ ತಂಡ ಹೀಗೆ 500 ನ್ಯಾನೋಸೆಕೆಂಡ್ ಒಳಗೆ ಉಳಿಕೆಯನ್ನು ಶೇಕಡಾ 0.2ಕ್ಕೆ ತಂದಿತು. ಮೆಟ್ಟಿಲುಗಳ ಅಂತರ ಒಂದೊಂದೂ ಬೇರೆ ಇರುವುದರಿಂದಲೇ ಇದು ಸಾಧ್ಯ. ಅದಕ್ಕೆ ಜೋಸೆಫ್‌ಸನ್ ಜಂಕ್ಷನ್ ಬೇಕು, ಅಂದರೆ ಎರಡು ಸೂಪರ್‌ಕಂಡಕ್ಟರ್‌ಗಳ ನಡುವೆ ತೀರಾ ತೆಳುವಾದ ತಡೆಪದರ. ನನ್ನ ಕಾಯಿಲ್-ಕೆಪಾಸಿಟರ್‌ನಲ್ಲಿ ಎಲ್ಲ ಮೆಟ್ಟಿಲೂ ಸಮ. ಇಂಥ ಜಂಕ್ಷನ್ ಇರುವ ಸರ್ಕ್ಯೂಟ್‌ನಲ್ಲಿ ಮೆಟ್ಟಿಲುಗಳು ನಿಜಕ್ಕೂ ಇವೆ ಎಂದು 1980ರ ದಶಕದ ನಡುವೆ ಬರ್ಕ್ಲಿಯಲ್ಲಿ ತೋರಿಸಿದ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅವರಿಗೇ 2025ರ ಭೌತಶಾಸ್ತ್ರ ನೊಬೆಲ್ ಸಿಕ್ಕಿದ್ದು.

ಎರಡನೇ, ಮೂರನೇ ಮೆಟ್ಟಿಲಿಗೆ ಆಕಸ್ಮಿಕವಾಗಿ ಏರಿ ಕೂತ ಕ್ಯೂಬಿಟ್ ದೋಷ ತಿದ್ದುವವರಿಗೆ ದೊಡ್ಡ ಪೀಡೆ. ಸೊನ್ನೆ-ಒಂದರ ರೀಸೆಟ್ ಅದನ್ನು ಮುಟ್ಟುವುದೇ ಇಲ್ಲ. ಗೂಗಲ್ ತಂಡ 2021ರಲ್ಲಿ ಇದಕ್ಕೆ ಮಾಡಿದ ಉಪಾಯವನ್ನು ಮಾತ್ರ ನನ್ನ ಮೇಜಿಗೂ ತರಬಹುದು. ಕ್ಯೂಬಿಟ್‌ನ ಫ್ರೀಕ್ವೆನ್ಸಿಯನ್ನು ರೆಸೊನೇಟರ್‌ನ ಫ್ರೀಕ್ವೆನ್ಸಿಗೆ ಕರಾರುವಾಕ್ಕಾಗಿ ಹೊಂದಿಸುವ ಬದಲು ಅವರು ಅದನ್ನು ರೆಸೊನೇಟರ್ ಮೂಲಕ ನಿಧಾನವಾಗಿ ಹಾಯಿಸಿದರು. ಹಾಯುವಾಗ ಶಕ್ತಿ ತಾನಾಗಿ ಆಚೆ ಜಾರುತ್ತದೆ. ಕೂದಲೆಳೆಯ ಟ್ಯೂನಿಂಗ್ ಬೇಡ. ಒಂದು ಚಿಪ್‌ನಲ್ಲಿ ನೂರು ಕ್ಯೂಬಿಟ್ ಇದ್ದಾಗ ಈ ನಿರಾಳತೆಗೆ ಬೆಲೆ ಜಾಸ್ತಿ. ವೇಗವೇ ಮುಖ್ಯ ಎನ್ನುವವರಿಗೆ ಬೇರೆ ದಾಖಲೆಗಳಿವೆ. ಅದೇ ವರ್ಷ ಟೆನ್ಸೆಂಟ್‌ನ ತಂಡ 34 ನ್ಯಾನೋಸೆಕೆಂಡಿನಲ್ಲಿ ಉಳಿಕೆಯನ್ನು ಶೇಕಡಾ 0.08ಕ್ಕೆ ತಂದಿತ್ತು. ನನ್ನ ಆಯ್ಕೆ ಕೇಳಿದರೆ ಹಾಯಿಸುವುದೇ. ಒಂಬತ್ತು ಮೈಕ್ರೋಸೆಕೆಂಡಿಗೆ ಸರಿಯಾಗಿ ಬಾಗಿಲು ಮುಚ್ಚಲು ಹೆಣಗಿದವರಿಗೆ ಯಾಕೆಂದು ಹೇಳಬೇಕಿಲ್ಲ.

ಕಟ್ಟುವವರಿಗೆ

ನಿಮ್ಮ ಕಾಯಿಲ್ ಬೇರೆ, ಗ್ಯಾಂಗ್ ಬೇರೆ ಇರಬಹುದು. ಎರಡೂ ಟ್ಯಾಂಕ್ ಒಂದೇ ಥರ ಇದ್ದರೆ ಸಾಕು. ಲೆಕ್ಕ ಬಿಡಿಸಿದರೆ ಕಾಯಿಲ್ ಬೆಲೆಯೂ ಟ್ಯಾಂಕ್‌ನ ಕೆಪಾಸಿಟರ್ ಬೆಲೆಯೂ ಹೊಡೆದುಹೋಗುತ್ತವೆ. ಅಲೆ ವಾಪಸ್ ಬರದಂತೆ ಮಾಡುವ ರೆಸಿಸ್ಟರ್ ಬೆಲೆ ನಡುವಿನ ಕೆಪಾಸಿಟರ್‌ನ ರಿಯಾಕ್ಟೆನ್ಸ್‌ನ ಸರಿಯಾಗಿ ಅರ್ಧ. 580 ಕಿಲೋಹರ್ಟ್ಸ್‌ನಲ್ಲಿ 22 ಪಿಕೋಫ್ಯಾರಡ್‌ಗೆ 12.4 ಸಾವಿರ ಓಮ್, ಅರ್ಧ 6.2. ಅದರ ಮೇಲೆ ಮೂರನೇ ಒಂದು ಪಾಲು ಸೇರಿಸಿದರೆ ವೇಗದ ರೀಸೆಟ್. ಬ್ರೆಡ್‌ಬೋರ್ಡ್ ಬೇಡ, ಅದರ ಸಾಲುಗಳ ನಡುವೆಯೇ ಕೆಲವು ಪಿಕೋಫ್ಯಾರಡ್ ಇರುತ್ತದೆ. ತಾಮ್ರದ ಹಾಳೆಯ ಮೇಲೆ ಗಾಳಿಯಲ್ಲೇ ಬೆಸುಗೆ ಹಾಕಿ. ಕರಾವಳಿಯವರು ಮೇಣ ಮರೆಯಬೇಡಿ.

ಮುಂದಿನ ಬೋರ್ಡ್‌ನಲ್ಲಿ 4066 ಇರುವುದಿಲ್ಲ. ಎರಡು 1ಎನ್4007 ಡಯೋಡ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಉಲ್ಟಾ ವೋಲ್ಟೇಜ್ ಕೊಟ್ಟರೆ ಅವು ವ್ಯಾರಕ್ಟರ್‌ನಂತೆ ಕೆಲಸ ಮಾಡುತ್ತವೆ. ವೋಲ್ಟೇಜ್ ಬದಲಿಸಿದರೆ ಕೆಪಾಸಿಟೆನ್ಸ್ ಬದಲಾಗುತ್ತದೆ. ಮೊದಲ ಟ್ಯಾಂಕ್‌ಗೆ ಅವನ್ನು ಸೇರಿಸಿ, ಪಿಕೋದಿಂದ ಒಂದು ಇಳಿಜಾರು ವೋಲ್ಟೇಜ್ ಕೊಟ್ಟು ಫ್ರೀಕ್ವೆನ್ಸಿಯನ್ನು ಎರಡನೇ ಟ್ಯಾಂಕ್ ಮೂಲಕ ಹಾಯಿಸುವ ಯೋಚನೆ. ನಡುವಿನ ಕೆಪಾಸಿಟರ್ ಆಗ ಸದಾ ಜೋಡಿಕೊಂಡೇ ಇರುತ್ತದೆ. ಹಾಗಾಗಿ ಹಾಯಿಸದೆ ಸುಮ್ಮನಿಟ್ಟಾಗ ಎರಡು ಫ್ರೀಕ್ವೆನ್ಸಿಗಳನ್ನು ಎಷ್ಟು ದೂರ ಇಟ್ಟರೆ ಟಿ1 ಐವತ್ತರಲ್ಲೇ ಉಳಿಯುತ್ತದೆ ಎಂದು ಮೊದಲು ಅಳೆಯಬೇಕು. 1ಎನ್4007 ಕೊಡುವ ಕೆಲವೇ ಪಿಕೋಫ್ಯಾರಡ್ ಅಷ್ಟು ದೂರಕ್ಕೆ ಸಾಲದಿದ್ದರೆ ಎರಡೆರಡು ಜೋಡಿ ಹಾಕುತ್ತೇನೆ.